ಬಿದ್ದು ಏಳುವ ಆಟಗಳು ನಮ್ಮ ಕರಾವಳಿಗೂ ಬರಲಿ

ಮಾನ್ಯ ಸಂಪಾದಕರೇ,

ಪ್ಲಸ್ ಟು ಫಲಿತಾಂಶ ಬಂದಾಗಲೆಲ್ಲ ಕೆಲವೇ ಅಂಕಗಳಿಗಾಗಿ ಕುಗ್ಗಿಹೋಗುವ ಮಕ್ಕಳನ್ನು ಕಂಡು ಮರುಗುವ ನಾವು, ಸೋತು ಮತ್ತೆ ಏಳುವುದನ್ನು ಅವರಿಗೆ ಎಲ್ಲಿ ಕಲಿಸಿದ್ದೇವೆ ಎಂದು ಕೇಳಿಕೊಳ್ಳುವುದಿಲ್ಲ. ಸ್ಕೇಟ್‌ಬೋರ್ಡಿಂಗ್ (ಗಾಲಿ ಹಲಗೆಯ ಆಟ), ಸರ್ಫಿಂಗ್ (ಹಲಗೆಯ ಮೇಲೆ ನಿಂತು ಅಲೆಗಳಲ್ಲಿ ಸಾಗುವ ಆಟ), ಕ್ಲೈಂಬಿಂಗ್‌ (ಗೋಡೆ, ಬಂಡೆ ಏರುವ ಆಟ) ಮುಂತಾದ ಸಾಹಸ ಕ್ರೀಡೆಗಳನ್ನು ಕಾಸರಗೋಡು ಜಿಲ್ಲೆಯ ಶಾಲೆಗಳೂ ಪಂಚಾಯತುಗಳೂ ಗಂಭೀರವಾಗಿ ಪರಿಗಣಿಸಬೇಕೆಂದು ಕೋರುವುದು ಈ ಕಾರಣಕ್ಕೆ.

ಈ ಮೂರೂ ಆಟಗಳು ಒಲಿಂಪಿಕ್ಸ್‌ಗೆ ಸೇರಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಲ್ಲಿ ಮಹಿಳೆಯರ ಸ್ಟ್ರೀಟ್ ಸ್ಕೇಟ್‌ಬೋರ್ಡಿಂಗ್‌ನ (ಬೀದಿಯ ಮೆಟ್ಟಿಲು, ಕಂಬಿಗಳಂತಹ ಅಡೆತಡೆಗಳ ಮೇಲಿನ ಸ್ಪರ್ಧೆ) ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಆಕೆಯ ಪ್ರಾಯಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಆ ಸ್ಪರ್ಧೆಯ ಅಂಕಪದ್ಧತಿ: ಹಲಗೆಯ ಮೇಲೆ 2 ಸುತ್ತಿನ ಪ್ರದರ್ಶನ, 5 ಬಿಡಿ ಕಸರತ್ತು, ಹೀಗೆ ಒಟ್ಟು 7 ಅವಕಾಶಗಳಲ್ಲಿ ಉತ್ತಮವಾದ 4 ಮಾತ್ರ ಲೆಕ್ಕಕ್ಕೆ ಬಂದವು. ಮೂರು ಸಲ ಬಿದ್ದವರಿಗೂ ಗೆಲ್ಲುವ ದಾರಿ ಮುಚ್ಚಿರಲಿಲ್ಲ. ನಮ್ಮ ಪರೀಕ್ಷಾ ಮಂಡಳಿಗಳಿಗೂ ಇಂತಹ ಔದಾರ್ಯ ಇನ್ನಷ್ಟು ಬರಬೇಕು.

ಸರ್ಫಿಂಗ್ ಕಲಿಯುವವರು ಹಲಗೆಯ ಮೇಲೆ ನಿಲ್ಲುವುದರ ಜೊತೆಗೇ ತಲೆಗೆ ಕೈ ಅಡ್ಡ ಹಿಡಿದು ಬೀಳುವುದನ್ನೂ, ಕಡಲು ಒಳಕ್ಕೆ ಎಳೆದರೆ ಅದಕ್ಕೆ ಎದುರಾಗಿ ಸೆಣಸದೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಾರಾಗುವುದನ್ನೂ ಕಲಿಯಬೇಕಾಗುತ್ತದೆ. ಹೆದರಿಕೆಯನ್ನು ಅಲ್ಲಗಳೆಯದೆ ಅದರ ಅಳತೆ ತಿಳಿದುಕೊಳ್ಳುವ ಈ ಅಭ್ಯಾಸದಿಂದ ಬರುವ ಧೈರ್ಯ, ವಾರ್ಷಿಕೋತ್ಸವದ ವೇದಿಕೆಯ ಸ್ಫೂರ್ತಿ ಭಾಷಣಗಳಿಂದ ಬರುವಂಥದ್ದಲ್ಲ. ಕಡಲಲ್ಲಿ ಗಟ್ಟಿಯಾದ ಮಗು ಪರೀಕ್ಷೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆಂಬ ಭರವಸೆ ಯಾರೂ ಕೊಡಲಾರರು. ಆದರೂ ಸೋಲು ಕೊನೆಯಲ್ಲ ಎಂಬುದನ್ನು ಮೈಯಿಂದಲೇ ಅರಿತಿರುವುದು ಸಣ್ಣ ಸಂಗತಿಯೇನಲ್ಲ.

ಓದು ಕೆಡುತ್ತದೆಂಬ ಪಾಲಕರ ಆತಂಕಕ್ಕೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ ಉತ್ತರವಿದೆ. ಅಲ್ಲಿನ ಸ್ಕೇಟ್ ಪಾರ್ಕಿನಲ್ಲಿ ಶಾಲೆಗೆ ಹೋಗದವರಿಗೆ ಹಲಗೆ ಸಿಗದು; ಹುಡುಗಿಯರಿಗೆ ಮೊದಲ ಅವಕಾಶ. ಇನ್ನು ಕಡಲಿನ ಮಾತಿಗೆ ಬಂದರೆ, 2025ರಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ಕರ್ನಾಟಕ ಮೂಲದ ರಮೇಶ್ ಬೂದಿಹಾಳ್ ಅಲೆಗಳ ಆಟವನ್ನು ಕಲಿತದ್ದು ನಮ್ಮದೇ ರಾಜ್ಯವಾದ ಕೇರಳದ ಕೋವಳಂನಲ್ಲಿ.

ಮಂಜೇಶ್ವರದಿಂದ ಬೇಕಲದವರೆಗೆ ಕಡಲು ಚಾಚಿಕೊಂಡಿದ್ದರೂ ಗಡಿಯಾಚೆ ಮುಲ್ಕಿಯಲ್ಲಿರುವಂತಹ ಸರ್ಫಿಂಗ್ ತರಬೇತಿ ನಮ್ಮ ಶಾಲಾ ಮಕ್ಕಳ ಪಾಲಿಗೆ ದೂರದ ಮಾತಾಗಿಯೇ ಉಳಿದಿದೆ. ಮಳೆಗಾಲದ ತಿಂಗಳುಗಳನ್ನು ಬಿಟ್ಟು, ಜೀವರಕ್ಷಕರ ಸಮ್ಮುಖದಲ್ಲಿ, ಮೊದಲು ಈಜು ಕಲಿಸಿ ಆಮೇಲೆ ಹಲಗೆ ಕೊಡುವ ಶಿಬಿರಗಳನ್ನು ಜಿಲ್ಲಾ ಪಂಚಾಯತು ಆರಂಭಿಸಬಹುದು. ಕನ್ನಡ ಮಾಧ್ಯಮದ ಮಕ್ಕಳೂ ಬರುವ ಶಿಬಿರಗಳಿಗೆ ಕನ್ನಡ ಬಲ್ಲ ತರಬೇತುದಾರರು ಬೇಕೇಬೇಕು, ಏಕೆಂದರೆ ಅಲೆಗಳ ನಡುವೆ ಕೂಗಿ ಹೇಳುವ ಎಚ್ಚರಿಕೆ ಮಗುವಿಗೆ ಆ ಕ್ಷಣದಲ್ಲೇ ಅರ್ಥವಾಗಬೇಕು.

ಇಂತಿ,
ಓರ್ವ ನಿವೃತ್ತ ಅಧ್ಯಾಪಕ, ಕುಂಬಳೆ