ವೆನಿಸ್ ಡಕಟ್ ಎಂದು ಮಾರಿದ್ದು ಪುತಳಿ ನಾಣ್ಯ: ಹಣ ವಾಪಸ್ ಕೊಡಿ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ತಪ್ಪು ವಿವರಣೆ ಕೊಟ್ಟು ಮಾರಿದ ಚಿನ್ನದ ನಾಣ್ಯದ ಬಗ್ಗೆ

ಮಾನ್ಯರೇ,

ನಿಮ್ಮ ಆನ್‌ಲೈನ್ ಮಳಿಗೆಯಲ್ಲಿ ‘ವೆನಿಸ್ ಗಣರಾಜ್ಯದ ಅಸಲಿ ಚಿನ್ನದ ಡಕಟ್, ನಾಲ್ಕನೇ ಅಲ್ವೀಸೆ ಮೊಚೆನಿಗೊ ಕಾಲ, 1763–1778’ ಎಂದಿದ್ದ ನಾಣ್ಯ ಕೊಂಡೆ. ಕೈಗೆ ಬಂದದ್ದು ವೆನಿಸ್ಸಿನದ್ದಲ್ಲ. ನಮ್ಮ ಕಡೆ ಪುತಳಿ ಸರಕ್ಕೆ ಪೋಣಿಸುತ್ತಿದ್ದ ನಕಲು.

ಅಸಲಿ ಡಕಟ್‌ನಲ್ಲಿ ಸಂತ ಮಾರ್ಕ್ ನಿಂತಿರುತ್ತಾನೆ. ಎದುರಿಗೆ ಮಂಡಿಯೂರಿದ ಡೋಜ್, ಅಂದ್ರೆ ಮೊಚೆನಿಗೊನಂಥ ವೆನಿಸ್ಸಿನ ಚುನಾಯಿತ ಮುಖ್ಯಸ್ಥ, ಅವನಿಂದ ಬಾವುಟ ಪಡೆಯುತ್ತಾನೆ. ಬಾವುಟದ ಕೋಲಿನ ಪಕ್ಕ ಡಿ, ವಿ, ಎಕ್ಸ್ (ಲ್ಯಾಟಿನ್‌ನಲ್ಲಿ ಡೋಜ್) ಎಂಬ ಅಕ್ಷರ ಒಂದರ ಕೆಳಗೊಂದು. ಅಂಚಿನಲ್ಲಿ ಡೋಜ್ ಹೆಸರು. ನೀವು ಕಳಿಸಿದ್ದರಲ್ಲಿ ಓದಲು ಬರುವ ಒಂದಕ್ಷರವೂ ಇಲ್ಲ. ಆ ಜಾಗದಲ್ಲಿ ಗೆರೆ, ಚುಕ್ಕಿ, ಒಂದೆರಡು ಕೊಕ್ಕೆ ಅಷ್ಟೇ. ಲ್ಯಾಟಿನ್ ಗೊತ್ತಿಲ್ಲದ ಕೈ ನೋಡಿಕೊಂಡು ಕೆತ್ತಿದ ಅಚ್ಚು ಅದು. ನಾಣ್ಯದ ಹಿಂಬದಿಯ ಕ್ರಿಸ್ತನೂ ನಿಲುವಂಗಿ ತೊಟ್ಟ ಗೊಂಬೆಯಾಗಿದ್ದಾನೆ. ಮೇಲಂಚಿನಲ್ಲಿ ಕೊಂಡಿ ಕಿತ್ತು ಅರದಿಂದ ಉಜ್ಜಿದ ಗುರುತಿದೆ, ಬೆಸುಗೆಯ ಬಣ್ಣವೇ ಬೇರೆ. ನಿಮ್ಮ ಫೋಟೋದಲ್ಲಿ ಸರಿಯಾಗಿ ಆ ಜಾಗಕ್ಕೇ ನೆರಳು ಬಿದ್ದಿದೆ!

ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, “ಚಿನ್ನ ಚಿನ್ನಾನೇ ಅಲ್ವಾ ಸರ್? ಶುದ್ಧತೆಯ ಸರ್ಟಿಫಿಕೇಟ್ ಇದೆಯಲ್ಲ” ಅಂದರು. ಚಿನ್ನದ ಬಗ್ಗೆ ನನ್ನ ತಕರಾರೇ ಇಲ್ಲ. ನಮ್ಮ ಪತ್ತಾರರು ಒರೆಗೆ ಹಚ್ಚಿ ಒಳ್ಳೇ ಚಿನ್ನ ಅಂತಲೇ ಹೇಳಿದ್ದಾರೆ. ಆದರೆ ಅದರಿಂದ ನಾಣ್ಯ ಎಲ್ಲಿ ಅಚ್ಚಾಯಿತು ಅಂತ ತಿಳಿಯುವುದಿಲ್ಲ. ವೆನಿಸ್ 1284ರಲ್ಲಿ ಡಕಟ್ ತರಲು ನಿರ್ಧರಿಸಿತು. 1797ರಲ್ಲಿ ನೆಪೋಲಿಯನ್‌ಗೆ ಶರಣಾಗುವವರೆಗೂ ಸುಮಾರು ಮೂರೂವರೆ ಗ್ರಾಂ ತೂಕ, ಅಪ್ಪಟ ಚಿನ್ನ, ಅದೇ ಚಿತ್ರ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಆ ನಂಬಿಕೆಯಿಂದಲೇ ಅದು ನಮ್ಮ ಪಶ್ಚಿಮ ಕರಾವಳಿಯಲ್ಲೂ ಓಡಿತು, ಇಲ್ಲಿ ಅದರ ನಕಲೂ ಹುಟ್ಟಿತು. ನಕಲು ಮಾಡಿದವರೂ ಒಳ್ಳೇ ಚಿನ್ನ ಬಳಸಿರಬಹುದು. ನಾಣ್ಯ ಮಾರುವವರಿಗೆ ಇದನ್ನು ನಾನು ಹೇಳಬೇಕಾ?

ಪುತಳಿ ನಾಣ್ಯವೇನೂ ಕೀಳಲ್ಲ. ಪುತಳಿ ಅಂತಲೇ ಹೇಳಿ ಅದರ ಬೆಲೆಗೆ ಕೊಟ್ಟಿದ್ದರೆ ಖುಷಿಯಿಂದ ಕೊಳ್ಳುತ್ತಿದ್ದೆ. ಚಿನ್ನದ ದರಕ್ಕಿಂತ ಅಷ್ಟೊಂದು ಜಾಸ್ತಿ ಕೊಟ್ಟದ್ದು ವೆನಿಸ್ ಹೆಸರಿಗೆ.

ಪೂರ್ತಿ ಹಣ ವಾಪಸ್ ಕೊಡಿ. ನಾಣ್ಯ ಹಿಂದಕ್ಕೆ ಕಳಿಸುವ ಕೊರಿಯರ್ ಮತ್ತು ವಿಮೆಯ ಖರ್ಚೂ ನಿಮ್ಮದೇ ಆಗಬೇಕು. ‘ನಾಣ್ಯ ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ನಿಮ್ಮ ನಿಯಮ ನೀವೇ ತಪ್ಪು ಬರೆದು ಮಾರಿದ ಮಾಲಿಗೆ ಹೇಗೆ ಅನ್ವಯವಾಗುತ್ತದೆ? ಇದೇ ವಿವರಣೆಯಲ್ಲಿ ಇನ್ನೂ ಕೆಲವು ನಾಣ್ಯ ಮಾರಾಟಕ್ಕಿವೆ. ಒಂದರಲ್ಲಂತೂ ಕೊಂಡಿ ಹಾಗೇ ಇದೆ. ಅವುಗಳ ವಿವರಣೆಯನ್ನೂ ತಿದ್ದಿ.

ಹದಿನೈದು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲಿನ ನಕಲು, ನಿಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್, ಅಂಚನ್ನು ಹತ್ತಿರದಿಂದ ತೆಗೆದ ಫೋಟೋಗಳು ಜೊತೆಗಿವೆ.

ಇತಿ,
ನಿಮ್ಮ ಗ್ರಾಹಕ
ಧಾರವಾಡ