ಫೈನಲ್ ಸ್ಕೋರ್ ಜೊತೆ ಸೀಸನ್ ಕಥೆಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ ಕೊನೆಗೆ ಅಮೆರಿಕದ ಕಾಲೇಜು ಬೇಸ್‌ಬಾಲ್ ಫೈನಲ್ ಮುಗಿದಾಗ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಅದೇ ಜಾಸ್ತಿ. ಯಾರು ಗೆದ್ದರು, ಸ್ಕೋರ್ ಎಷ್ಟು, ಮುಗೀತು. ಈ ಆಟವನ್ನು ಹಚ್ಚಿಕೊಂಡು ನೋಡುವ ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಫೆಬ್ರವರಿಯಿಂದ ಏನೇನು ನಡೆಯಿತು ಅಂತ ಗೊತ್ತಿಲ್ಲದೆ ಬರೀ ಆ ಸ್ಕೋರ್ ಓದಿದರೆ ಏನು ತಿಳಿಯುತ್ತದೆ ಹೇಳಿ?

2022ರ ಓಲ್ ಮಿಸ್ ತಂಡವನ್ನೇ ನೋಡಿ. ಓಲ್ ಮಿಸ್ ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯ, ಇರುವುದು ಆಕ್ಸ್‌ಫರ್ಡ್ ಅನ್ನುವ ಚಿಕ್ಕ ಊರಿನಲ್ಲಿ. ಆ ವರ್ಷ, ಮೂರರಲ್ಲಿ ಎರಡು ಪಂದ್ಯ ಗೆದ್ದವರೇ ಚಾಂಪಿಯನ್ ಅನ್ನುವ ಫೈನಲ್ಸ್‌ನಲ್ಲಿ ಒಕ್ಲಹೋಮಾವನ್ನು 10-3, 4-2ರಿಂದ ಸೋಲಿಸಿ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಇಷ್ಟೇ ಓದಿದವರಿಗೆ ಇದು ಯಾವುದೋ ಬಲವಾದ ತಂಡ, ಸಲೀಸಾಗಿ ಗೆದ್ದಿತು ಅನಿಸುತ್ತದೆ. ನಡೆದದ್ದೇ ಬೇರೆ.

ಕಾಲೇಜು ತಂಡಗಳು ಫೆಬ್ರವರಿ ಮಧ್ಯದಿಂದ ಮೇ ತನಕ ಸುಮಾರು 56 ಪಂದ್ಯ ಆಡುತ್ತವೆ. ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿ ಜೊತೆ ಮೂರು ಪಂದ್ಯ, ವಾರದ ಮಧ್ಯೆ ಇನ್ನೊಂದೋ ಎರಡೋ. ನಡುವೆ ಕ್ಲಾಸು, ಪರೀಕ್ಷೆ, ರಾತ್ರಿಯಿಡೀ ಬಸ್ ಪ್ರಯಾಣ. ಮಾರ್ಚ್‌ನಲ್ಲಿ ಓಲ್ ಮಿಸ್ ದೇಶದ ನಂಬರ್ 1 ತಂಡವಾಗಿತ್ತು. ಆಮೇಲೆ ಟೆನೆಸ್ಸಿ ತಂಡ ಇವರ ಮೈದಾನಕ್ಕೇ ಬಂದು ಮೂರಕ್ಕೆ ಮೂರೂ ಗೆದ್ದುಕೊಂಡು ಹೋಯಿತು. ಅಲ್ಲಿಂದ ಜಾರಿದ್ದು ಜಾರಿದ್ದೇ. ಮೇ ತಿಂಗಳು ಶುರುವಾಗುವ ಹೊತ್ತಿಗೆ ಸೌತ್ ಈಸ್ಟರ್ನ್ ಕಾನ್ಫರೆನ್ಸ್ ಅನ್ನುವ ತಮ್ಮ ಲೀಗ್‌ನಲ್ಲಿ 7 ಗೆಲುವು, 14 ಸೋಲು. ಕೋಚ್ ಮೈಕ್ ಬಿಯಾಂಕೊ 2001ರಿಂದ ಅದೇ ತಂಡದಲ್ಲಿದ್ದವರು, ಅವರನ್ನು ತೆಗೆದುಹಾಕಿ ಅಂತ ಅಭಿಮಾನಿಗಳೇ ಕೂಗಾಡಿದರು. ತಮ್ಮ ಮೈದಾನದಲ್ಲಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ) ಬಿದ್ದರೆ ಬಲಬದಿಯ ಗ್ಯಾಲರಿಯಲ್ಲಿ ನಿಂತ ವಿದ್ಯಾರ್ಥಿಗಳೆಲ್ಲ ಕೈಯಲ್ಲಿದ್ದ ಬಿಯರ್ ಲೋಟವನ್ನು ಮೇಲಕ್ಕೆ ಚೆಲ್ಲಿ ಕುಣಿಯುವ ಜನ ಅವರು, ಪ್ರೀತಿ ಎಷ್ಟೋ ಸಿಟ್ಟೂ ಅಷ್ಟೇ.

ಆಮೇಲೆ ಮಿಸೌರಿ ಮೇಲೆ ಮೂರು ಗೆದ್ದರು, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಊರಿಗೆ ಹೋಗಿ ಮೂರು ಗೆದ್ದರು. ಆದರೂ ಕೊನೆಗೆ ಕಾನ್ಫರೆನ್ಸ್ ಲೆಕ್ಕ 14 ಗೆಲುವು, 16 ಸೋಲು. ಕಾನ್ಫರೆನ್ಸ್ ಟೂರ್ನಿಯಲ್ಲಿ ಮೊದಲ ಪಂದ್ಯವೇ ಸೋತು ಮನೆಗೆ ಬಂದು, ರಾಷ್ಟ್ರೀಯ ಟೂರ್ನಿಯ 64 ತಂಡಗಳ ಪಟ್ಟಿಯಲ್ಲಿ ಹೆಸರು ಬರುತ್ತೋ ಇಲ್ಲವೋ ಅಂತ ಸುಮಾರು ಒಂದು ವಾರ ಸುಮ್ನೆ ಕಾಯಬೇಕಾಯಿತು. ಬಂತು. ಆಯ್ಕೆ ಸಮಿತಿ ಕೊನೆಯದಾಗಿ ಸೇರಿಸಿದ ತಂಡವೇ ಓಲ್ ಮಿಸ್.

ಕೊನೆಗೆ ಸೇರಿದ ಆ ತಂಡ ಮುಂದಿನ 11 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು.

ಇಬ್ಬರು ಹುಡುಗರ ಬಗ್ಗೆ ಹೇಳಲೇಬೇಕು. ಟಿಮ್ ಎಲ್ಕೊ, ನಾಯಕ. 2021ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಹೋದರೂ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೆಲವೇ ವಾರಗಳಲ್ಲಿ ಬ್ಯಾಟ್ ಹಿಡಿದು ಬಂದವನು. ಇನ್ನೊಬ್ಬ ಪಿಚರ್, ಅಂದರೆ ಚೆಂಡು ಎಸೆಯುವವನು, ಡೈಲನ್ ಡಿಲೂಸಿಯಾ. ಎರಡು ವರ್ಷದ ಜೂನಿಯರ್ ಕಾಲೇಜಿನಿಂದ ಬಂದವನು, ಸೀಸನ್ ಶುರುವಿನಲ್ಲಿ ಪಂದ್ಯ ಆರಂಭಿಸುವ ಪಿಚರ್‌ಗಳ ಸಾಲಿನಲ್ಲೂ ಇರಲಿಲ್ಲ. ಕೊನೆಯ ಎಂಟು ತಂಡಗಳ ಟೂರ್ನಿ ನಡೆಯುವ ಒಮಾಹಾ ನಗರದಲ್ಲಿ ಅರ್ಕಾನ್ಸಾ ವಿರುದ್ಧ, ಸೋತರೆ ಮನೆಗೆ ಅನ್ನುವ ಪಂದ್ಯದಲ್ಲಿ ಒಂಬತ್ತಕ್ಕೆ ಒಂಬತ್ತು ಇನಿಂಗ್ಸ್ ತಾನೇ ಎಸೆದ. ಎದುರಾಳಿಗೆ ಸಿಕ್ಕಿದ್ದು ನಾಲ್ಕು ಹಿಟ್, ರನ್ ಸೊನ್ನೆ. ಗೆಲುವು 2-0. ಈಗಿನ ಕಾಲದಲ್ಲಿ ಒಬ್ಬ ಪಿಚರ್ ಅಷ್ಟು ಹೊತ್ತು ನಿಲ್ಲುವುದೇ ಅಪರೂಪ. ಆ ಟೂರ್ನಿಯ ಅತ್ಯುತ್ತಮ ಆಟಗಾರ ಅವನೇ ಆದ.

ಇನ್ನು ಆ 4-2. ಎಂಟನೇ ಇನಿಂಗ್ಸ್ ತನಕ ಒಕ್ಲಹೋಮಾ 2-1ರಿಂದ ಮುಂದಿತ್ತು. ಓಲ್ ಮಿಸ್‌ನ ಜೇಕಬ್ ಗೊನ್ಸಾಲೆಸ್ ಹೊಡೆದ ಒಂದು ಸಿಂಗಲ್‌ಗೆ ಸ್ಕೋರ್ ಸಮವಾಯಿತು. ಮುಂದಿನ ಎರಡು ರನ್ ಬ್ಯಾಟಿನಿಂದ ಬರಲೇ ಇಲ್ಲ. ಪಿಚರ್ ಎಸೆದ ಚೆಂಡು ಕ್ಯಾಚರ್ ಕೈ ತಪ್ಪಿ ಹಿಂದಕ್ಕೆ ಓಡಿತು, ಮೂರನೇ ಬೇಸ್‌ನಲ್ಲಿದ್ದವನು ಒಳಗೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ! ಎರಡು ವೈಲ್ಡ್ ಪಿಚ್, ಎರಡು ರನ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಓಲ್ ಮಿಸ್ ಪಿಚರ್ ಬ್ರ್ಯಾಂಡನ್ ಜಾನ್ಸನ್ ಮೂವರನ್ನೂ ಸ್ಟ್ರೈಕ್ ಔಟ್ ಮಾಡಿ ಮುಗಿಸಿದ. ಒಕ್ಲಹೋಮಾ ಹುಡುಗರ ಮುಖ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವರೂ ಇಡೀ ವಸಂತ ಬೆವರು ಸುರಿಸಿದವರೇ ಅಲ್ವಾ.

ಮಾರ್ಚ್‌ನಲ್ಲಿ ಇವರನ್ನು ಮಣ್ಣುಮುಕ್ಕಿಸಿದ ಟೆನೆಸ್ಸಿ ಏನಾಯಿತು ಅಂದರೆ, 57 ಪಂದ್ಯ ಗೆದ್ದು ಬರೀ 9 ಸೋತ ಆ ತಂಡ ಒಮಾಹಾ ಮುಟ್ಟಲೇ ಇಲ್ಲ. ಒಮಾಹಾಕ್ಕೆ ಮುಂಚಿನ ಸುತ್ತಾದ ಸೂಪರ್ ರೀಜನಲ್‌ನಲ್ಲಿ, ತನ್ನದೇ ಮೈದಾನದಲ್ಲಿ, ನೋಟರ್ ಡೇಮ್‌ಗೆ ಸೋತಿತು. ಇದನ್ನೂ ಪಕ್ಕದಲ್ಲಿಟ್ಟು ಓದಿದಾಗ ಆ ವರ್ಷ ಎಂಥದ್ದು ಅಂತ ಗೊತ್ತಾಗುತ್ತದೆ. ಬರೀ ಫೈನಲ್ ಸ್ಕೋರ್‌ನಲ್ಲಿ ಟೆನೆಸ್ಸಿ ಹೆಸರೇ ಇಲ್ಲ.

ಹಣದ ವಿಷಯವನ್ನೂ ಯಾರೂ ಬರೆಯುವುದಿಲ್ಲ. ಆಗ ಒಂದು ತಂಡಕ್ಕೆ ಇದ್ದದ್ದು ಹೆಚ್ಚೆಂದರೆ 11.7 ಸ್ಕಾಲರ್‌ಶಿಪ್. ಅದನ್ನು ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ತುಂಡು ತುಂಡಾಗಿ ಹಂಚಬೇಕಿತ್ತು. ಟಿವಿಯಲ್ಲಿ ಸಾವಿರಾರು ಜನರ ಮುಂದೆ ಆಡುವ ಹುಡುಗನ ಮನೆಯವರು ಫೀಸಿನ ದೊಡ್ಡ ಪಾಲು ತಾವೇ ಕಟ್ಟುತ್ತಿದ್ದರು. 2025ರಲ್ಲಿ ನಿಯಮ ಬದಲಾಗಿ, ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ 34 ಜನ ಮಾತ್ರ ಅಂತಾಯಿತು. ಫೀಸು ಕಟ್ಟುವವರಿಗೆ ಒಳ್ಳೆಯದೇ, ಆದರೆ ತಂಡದ ಕೊನೆಯ ಬೆಂಚಿನಲ್ಲಿದ್ದವರ ಜಾಗ ಹೋಯಿತು.

ಇಷ್ಟು ಬರೆಯಲು ಪುಟಗಟ್ಟಲೆ ಜಾಗ ಬೇಡ. ಮುಂದಿನ ಫೆಬ್ರವರಿಯಲ್ಲಿ ಯಾವುದಾದರೂ ಒಂದು ತಂಡವನ್ನು ಆರಿಸಿಕೊಂಡು ವಾರಕ್ಕೆ ಒಂದು ಪ್ಯಾರಾ ಕೊಡಿ, ಸೋತ ವಾರವೂ ಬಿಡಬೇಡಿ. ಸಾಧ್ಯವಾದರೆ ನಂಬರ್ 1 ತಂಡ ಬೇಡ, ಪಟ್ಟಿಯ ಮಧ್ಯದಲ್ಲೆಲ್ಲೋ ಇರುವ ತಂಡ ಆರಿಸಿ. ಸೋಮವಾರ ಬೆಳಗ್ಗೆ ಪತ್ರಿಕೆ ಬಂದ ತಕ್ಷಣ ನಾನು ಮೊದಲು ತೆರೆಯುವ ಪುಟ ಅದೇ ಆಗಿರುತ್ತದೆ.

ಇಂತಿ,
ನಿಮ್ಮ ಓದುಗ