ತಮ್ಮನ ಲಾಗರ್ ವಿಚಾರವಾಗಿ ಅಪ್ಪನಿಗೆ

ಮೇಡ್‌ಸ್ಟನ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅವ್ವನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ಕೆಸರುಗದ್ದೆಯಲ್ಲಿ ಒಬ್ಬೊಬ್ಬರಾಗಿ ಸಮಯಕ್ಕೆ ಗಾಡಿ ಓಡಿಸುವ ಆಟೋಕ್ರಾಸ್ ಸ್ಪರ್ಧೆಗಾಗಿ, ಗಾಡಿಯ ವೇಗವನ್ನೂ ಸ್ಥಾನವನ್ನೂ ಕ್ಷಣಕ್ಷಣಕ್ಕೂ ಬರೆದಿಡುವ ಡೇಟಾ ಲಾಗರ್ ಎಂಬ ಯಂತ್ರವೊಂದನ್ನು ತರಿಸಿಕೊಡಿ ಎಂದು ತಮ್ಮ ನಿಮ್ಮನ್ನು ಪೀಡಿಸುತ್ತಿರುವುದನ್ನೂ, ಅದೇ ದುಡ್ಡಿಗೆ ಒಂದು ಜೊತೆ ಹೊಸ ಟೈರು ಬರುವುದಿಲ್ಲವೇ ಎಂದು ನೀವು ಕೇಳಿರುವುದನ್ನೂ ನಿಮ್ಮ ಪತ್ರದಲ್ಲಿ ಓದಿದೆ. ಗಾಡಿ ಓಡಿಸುವವನಿಗೆ ತಾನು ಎಲ್ಲಿ ನಿಧಾನವಾದೆನೆಂದು ಸೀಟಿನಲ್ಲಿ ಕುಳಿತಲ್ಲೇ ಗೊತ್ತಾಗಬೇಕು, ಅದಕ್ಕೆ ಯಂತ್ರ ಯಾಕೆ ಎಂಬುದು ನಿಮ್ಮ ವಾದ. ಈ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ದುಬಾರಿ ಪೆಟ್ಟಿಗೆ ಬೇಡ ಎಂಬ ನಿಮ್ಮ ತೀರ್ಮಾನವನ್ನು ಒಪ್ಪುತ್ತೇನೆ. ಎರಡಕ್ಕೂ ಕಾರಣ ಬರೆಯುತ್ತೇನೆ. ಇದನ್ನು ತಮ್ಮನಿಗೂ ಓದಲು ಕೊಡಿ.

ನಾನೂ ಕಚೇರಿಯ ಒಬ್ಬ ಗೆಳತಿಯೂ ಹಳೆಯ ಮಾಜ್ದಾ ಎಂಎಕ್ಸ್-5 ಕಾರೊಂದನ್ನು ಪಾಲಿನಲ್ಲಿ ಇಟ್ಟುಕೊಂಡು ಹತ್ತಿರದ ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕಿಗೆ ಹೋಗುವುದು ನಿಮಗೆ ಗೊತ್ತೇ ಇದೆ. 1964ರಿಂದ 1986ರವರೆಗೆ ವರ್ಷ ಬಿಟ್ಟು ವರ್ಷ ಬ್ರಿಟಿಷ್ ಗ್ರ್ಯಾನ್ ಪ್ರಿ ನಡೆಯುತ್ತಿದ್ದ ಜಾಗ ಅದು. ಗ್ರ್ಯಾನ್ ಪ್ರಿಯ ದೊಡ್ಡ ಸುತ್ತು ಕಾಡಿನೊಳಗೆ ಹೋಗುತ್ತದೆ; ನಾವು ಓಡಿಸುವುದು ಇಂಡಿ ಎಂಬ ಚಿಕ್ಕ ಸುತ್ತಿನಲ್ಲಿ. ಅದರ ಉದ್ದ 1.94 ಕಿಲೋಮೀಟರ್, ನಮ್ಮ ಕಾರಿಗೆ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ನಿಮಿಷ. ಹೊರಟ ಕೂಡಲೇ ಸಿಗುವ ಪ್ಯಾಡಕ್ ಹಿಲ್ ಎಂಬ ಬಲ ತಿರುವಿನಲ್ಲಿ ರಸ್ತೆ ಒಮ್ಮೆಗೇ ಕೆಳಗೆ ಜಾರಿಬಿಡುತ್ತದೆ. ಮಾಕುಟ್ಟದ ಘಾಟಿಯನ್ನು ಕಂಡು ಬೆಳೆದವರಿಗೂ ಅಲ್ಲಿ ಎದೆ ಝಲ್ಲೆನ್ನುತ್ತದೆ. ಅಲ್ಲಿಂದ ಏರಿ ಡ್ರೂಯಿಡ್ಸ್ ಎಂಬ ಹೇರ್‌ಪಿನ್ ತಿರುವು, ಮತ್ತೆ ಇಳಿದು ಗ್ರಹಾಂ ಹಿಲ್ ಎಂಬ ಎಡ ತಿರುವು, ಆಮೇಲೆ ಕೂಪರ್ ಸ್ಟ್ರೇಟ್ ಎಂಬ ನೇರ ದಾರಿ. ಯಾರು ಬೇಕಾದರೂ ಹಣ ಕೊಟ್ಟು ಗಾಡಿ ಓಡಿಸುವ ಸಾಮಾನ್ಯ ಟ್ರ್ಯಾಕ್ ಡೇಗಳಲ್ಲಿ ಸಮಯ ಅಳೆಯಲು ಇಲ್ಲಿನ ಆಯೋಜಕರು ಹೆಚ್ಚಾಗಿ ಬಿಡುವುದಿಲ್ಲ, ಆದ್ದರಿಂದ ಲಾಗರ್ ಕಟ್ಟಿಕೊಂಡು ಓಡಿಸುವ ಅಭ್ಯಾಸವೆಲ್ಲ ಸ್ಪರ್ಧೆಯ ತಯಾರಿಗೆಂದೇ ಇರುವ ಟೆಸ್ಟ್ ಡೇಗಳಲ್ಲೇ.

ಸೀಟಿನ ಮಾತು ಯಾಕೆ ನಂಬಲಾಗದು ಎಂಬುದಕ್ಕೆ ನಮ್ಮಿಬ್ಬರ ಸುತ್ತುಗಳೇ ಸಾಕ್ಷಿ. ಡ್ರೂಯಿಡ್ಸ್‌ನಲ್ಲಿ ತಾನು ತೀರಾ ನಿಧಾನವೆಂದು ಗೆಳತಿ ಇಳಿದಾಗಲೆಲ್ಲ ಹೇಳುತ್ತಿದ್ದಳು. ಲಾಗರ್ ಬರೆದ ಇಬ್ಬರ ವೇಗದ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಆ ತಿರುವಿನಿಂದ ನನಗಿಂತ ಬೇಗ ಹೊರಬೀಳುತ್ತಿದ್ದವಳು ಅವಳೇ. ಅವಳ ಸಮಯ ಹೋಗುತ್ತಿದ್ದುದು ಅದರ ಮುಂದಿನ ಗ್ರಹಾಂ ಹಿಲ್‌ನಲ್ಲಿ, ಅವಳಿಗೆ ಯಾವ ಅನುಮಾನವೂ ಇಲ್ಲದ ಜಾಗದಲ್ಲಿ. ಟೈರಿನ ಕಿರುಚಾಟ, ಹಿಂದಿನ ಚಕ್ರಗಳ ಜಾರುವಿಕೆ, ಜೋರಾಗಿ ಬ್ರೇಕ್ ಹಿಡಿದಾಗ ಬೆಲ್ಟು ಎದೆಗೆ ಒತ್ತುವುದು, ಇವೆಲ್ಲ ಮೈಗೆ ವೇಗದಂತೆಯೇ ತೋರುತ್ತವೆ. ಗಾಡಿ ನಯವಾಗಿ ಸರಿದು ಹೋದಾಗ ಮೈಗೆ ಏನೂ ಅನ್ನಿಸುವುದಿಲ್ಲ, ಆದರೆ ಗಡಿಯಾರ ನಿಜವಾಗಿ ಮೆಚ್ಚುವ ಸುತ್ತು ಬಹುಪಾಲು ಅದೇ ಆಗಿರುತ್ತದೆ.

ತೋಟದ ಮಳೆ ಪುಸ್ತಕವನ್ನು ನೀವು ಯಾತಕ್ಕೆ ಇಟ್ಟಿದ್ದೀರಿ ಎಂದು ಒಮ್ಮೆ ಯೋಚಿಸಿ ಅಪ್ಪ. ಗೋಣಿಕೊಪ್ಪದ ಸಂತೆಯಲ್ಲಿ ಎಲ್ಲರೂ ಈ ಸಲ ಮಳೆ ಜಾಸ್ತಿ ಎನ್ನುವಾಗ ನೀವು ಮನೆಗೆ ಬಂದು ಇಂಚು, ಸೆಂಟುಗಳ ಲೆಕ್ಕ ತೆಗೆದು, ಕಳೆದ ವರ್ಷ ಇದೇ ತಾರೀಖಿಗೆ ಎಷ್ಟಿತ್ತೆಂದು ನೋಡಿ, ಆಮೇಲಷ್ಟೇ ಮಾತನಾಡುತ್ತೀರಿ. ಕಾಫಿ ಹೂ ಅರಳಿಸುವ ಹೂಮಳೆ ಸಾಕಷ್ಟು ಬಿದ್ದಿದೆಯೋ, ಸ್ಪ್ರಿಂಕ್ಲರ್ ಹಚ್ಚಬೇಕೋ ಎಂಬುದನ್ನು ನೀವು ಎಂದೂ ಅಂದಾಜಿಗೆ ಬಿಟ್ಟವರಲ್ಲ. ಲಾಗರಿನ ಕೆಲಸವೂ ಅಷ್ಟೇ.

ಇನ್ನು ಅದು ಅಳೆಯುವ ಬಗೆ. ಲಾಗರಿನ ಮುಖ್ಯ ಅಂಗ ಒಂದು ಜಿಪಿಎಸ್ ರಿಸೀವರ್. ಮೊಬೈಲಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಅಳೆಯುತ್ತದೆ. ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 40 ಮೀಟರ್ ಹೋಗುವುದರಿಂದ, ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಇಡೀ ಒಂದು ತಿರುವೇ ಮುಗಿದುಹೋಗಬಹುದು. ಸೆಕೆಂಡಿಗೆ ಹತ್ತು ಸಲ ಅಳೆಯುವ, ಅಂದರೆ 10 ಹರ್ಟ್ಜ್‌ನ ರಿಸೀವರಿನಲ್ಲಿ ಆ ಅಂತರ 4 ಮೀಟರಿಗೆ ಇಳಿಯುತ್ತದೆ, 25 ಹರ್ಟ್ಜ್‌ನದರಲ್ಲಿ 1.6 ಮೀಟರಿಗೆ. ಗಾಡಿ ನಿಂತಿರುವ ಸ್ಥಾನವನ್ನು ಹೇಳುವಾಗ ಜಿಪಿಎಸ್ ಕೆಲವು ಮೀಟರುಗಳಷ್ಟು ತಪ್ಪಬಹುದು, ಹಾಗಾಗಿ ತಿರುವಿನ ಒಳ ಅಂಚಿಗೆ ಎಷ್ಟು ಹತ್ತಿರ ಹೋದೆ ಎಂಬುದನ್ನು ಸಾಮಾನ್ಯ ರಿಸೀವರಿನ ನಕ್ಷೆಯಿಂದ ತೀರ್ಮಾನಿಸಬಾರದು. ಆದರೆ ವೇಗವನ್ನು ಅದು ಉಪಗ್ರಹದ ಸಂಕೇತದ ಡಾಪ್ಲರ್ ಬದಲಾವಣೆಯಿಂದ, ಅಂದರೆ ಚಲನೆಯಿಂದಾಗಿ ಸಂಕೇತದ ಕಂಪನಾಂಕ ಬದಲಾಗುವುದರಿಂದ, ಅಳೆಯುವ ಕಾರಣ ವೇಗದ ಅಂಕಿ ಬಹಳ ನಂಬಿಕೆಯದ್ದು. ಕೆಸರುಗದ್ದೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು: ಚಕ್ರಗಳು ಕೆಸರಿನಲ್ಲಿ ಸುಮ್ಮನೆ ತಿರುಗುವಾಗ ಸ್ಪೀಡೋಮೀಟರಿನ ಮುಳ್ಳು ಚಕ್ರದ ವೇಗವನ್ನು ತೋರಿಸುತ್ತದೆ, ಜಿಪಿಎಸ್ ಗಾಡಿ ನಿಜವಾಗಿ ಮುಂದೆ ಹೋದ ವೇಗವನ್ನು ತೋರಿಸುತ್ತದೆ.

ಗ್ರಾಫ್ ಓದುವುದನ್ನು ಕಲಿಯುವುದಕ್ಕೆ ನನಗೆ ಗಾಡಿ ಓಡಿಸುವುದಕ್ಕಿಂತ ಹೆಚ್ಚು ತಾಳ್ಮೆ ಬೇಕಾಯಿತು. ಮೊದಲನೆಯದಾಗಿ, ಎರಡು ಸುತ್ತುಗಳನ್ನು ಸಮಯಕ್ಕೆ ಸರಿಯಾಗಿ ಹೋಲಿಸದೆ ದೂರಕ್ಕೆ ಸರಿಯಾಗಿ ಹೋಲಿಸಬೇಕು. ಆಗ ಒಂದೇ ತಿರುವು ಎರಡೂ ಗೆರೆಗಳಲ್ಲಿ ಒಂದೇ ಜಾಗಕ್ಕೆ ಬರುತ್ತದೆ. ವೇಗದ ಗೆರೆಗಳ ಕೆಳಗೆ ಡೆಲ್ಟಾ ಎಂಬ ಇನ್ನೊಂದು ಗೆರೆ ಇರುತ್ತದೆ, ಈ ಸುತ್ತು ಆ ಸುತ್ತಿಗಿಂತ ಅಲ್ಲಿಯವರೆಗೆ ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು ಅದು ತೋರಿಸುತ್ತದೆ. ಹೊಸಬರು ಆ ಗೆರೆ ಅತಿ ಎತ್ತರಕ್ಕೆ ಹೋದ ಜಾಗವನ್ನು ನೋಡಿ ತಪ್ಪು ಅಲ್ಲಿದೆ ಎಂದುಕೊಳ್ಳುತ್ತಾರೆ. ನೋಡಬೇಕಾದದ್ದು ಅದು ಏರತೊಡಗಿದ ಜಾಗವನ್ನು, ಆಮೇಲೆ ಅದಕ್ಕೂ ಸ್ವಲ್ಪ ಹಿಂದೆ ವೇಗದ ಗೆರೆ ಏನು ಮಾಡುತ್ತಿತ್ತು ಎಂಬುದನ್ನು. ನೇರ ದಾರಿಯ ಉದ್ದಕ್ಕೂ ಸಮಯ ಸೋರುತ್ತಿದ್ದರೆ ಅದರ ಕಾರಣ ನೇರ ದಾರಿಯಲ್ಲಿರುವುದು ಅಪರೂಪ. ಹಿಂದಿನ ತಿರುವಿನಲ್ಲಿ ಆಕ್ಸಿಲರೇಟರಿಗೆ ಕಾಲು ತಡವಾಗಿ ಹೋಗಿರುತ್ತದೆ.

ತಮ್ಮನಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ, ಯಾಕೆಂದರೆ ಕಡೆಯ ಗಳಿಗೆಯವರೆಗೆ ಬ್ರೇಕ್ ಮುಟ್ಟದಿರುವುದೇ ಗಂಡಸುತನ ಎಂದು ಅವನೂ ಅವನ ಗೆಳೆಯರೂ ತಿಳಿದಿದ್ದಾರೆ. ಡಾಂಬರಿನ ಮೇಲೆ 140 ಕಿಲೋಮೀಟರ್ ವೇಗದಿಂದ 70ಕ್ಕೆ ಇಳಿಯಬೇಕೆಂದು ಇಟ್ಟುಕೊಳ್ಳಿ. 0.8 ಜಿ ಬಲದಲ್ಲಿ (1 ಜಿ ಎಂದರೆ ಭೂಮಿಯ ಗುರುತ್ವದಷ್ಟು) ಬ್ರೇಕ್ ಹಿಡಿಯುವವನಿಗೆ ಸುಮಾರು 72 ಮೀಟರ್ ಬೇಕು. ಧೈರ್ಯ ಮಾಡಿ ಪೂರ್ತಿ 1 ಜಿ ಬಲದಲ್ಲಿ ಹಿಡಿಯುವವನಿಗೆ 58 ಮೀಟರ್ ಸಾಕು. ಅಂದರೆ ಅವನು 14 ಮೀಟರ್ ಮುಂದೆ ಹೋಗಿ ಬ್ರೇಕ್ ಹಿಡಿಯಬಹುದು. ನೋಡುವವರು ಚಪ್ಪಾಳೆ ತಟ್ಟುವ ಈ ಸಾಹಸದಿಂದ ಅವನು ಗಳಿಸಿದ್ದು ಸೆಕೆಂಡಿನ ನೂರರಲ್ಲಿ ಹನ್ನೆರಡು ಪಾಲು. ಇನ್ನೊಬ್ಬನು ಎಲ್ಲರಂತೆ ಬ್ರೇಕ್ ಹಿಡಿದು, ಗಾಡಿಯನ್ನು ಮೊದಲೇ ತಿರುಗಿಸಿಕೊಂಡು, ಬೇಗ ಆಕ್ಸಿಲರೇಟರ್ ಒತ್ತಿ ತಿರುವಿನಿಂದ 2 ಕಿಲೋಮೀಟರ್ ಹೆಚ್ಚು ವೇಗದಲ್ಲಿ ಹೊರಬಿದ್ದನೆಂದುಕೊಳ್ಳಿ. ಮುಂದಿನ 400 ಮೀಟರ್ ನೇರ ದಾರಿಯಲ್ಲಿ ಸರಾಸರಿ ವೇಗ 120ರ ಬದಲು 122 ಆದರೆ, 12 ಸೆಕೆಂಡಿನ ದಾರಿ 11.8ಕ್ಕೆ ಇಳಿಯುತ್ತದೆ. ಇದನ್ನು ಯಾರೂ ಕಣ್ಣಿಂದ ಕಾಣಲಾರರು, ಓಡಿಸುವವನಿಗೂ ತಿಳಿಯುವುದಿಲ್ಲ. ತಡವಾಗಿ ಬ್ರೇಕ್ ಹಿಡಿದವನು ಆ ಗಡಿಬಿಡಿಯಲ್ಲಿ ತಿರುವಿನಲ್ಲಿ ಹೊರಕ್ಕೆ ಸರಿದುಹೋದರೆ ಗಳಿಸಿದ ಹನ್ನೆರಡು ಪಾಲಿನ ಜೊತೆಗೆ ಈ ಇಪ್ಪತ್ತು ಪಾಲನ್ನೂ ಕಳೆದುಕೊಳ್ಳುತ್ತಾನೆ.

ಇನ್ನೊಂದು ಸೋರಿಕೆ, ಗ್ರಾಫ್ ಇಲ್ಲದೆ ನಾನು ಎಂದಿಗೂ ಕಂಡುಹಿಡಿಯಲಾರದಿದ್ದದ್ದು, ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತುವುದರ ನಡುವೆ ಕಾಲು ಏನೂ ಮಾಡದೆ ಕಳೆಯುವ ಗಳಿಗೆ. ಆಗ ಗಾಡಿ ಹೆಚ್ಚೇನೂ ನಿಧಾನವಾಗುವುದಿಲ್ಲ, ವೇಗ ಪಡೆಯುವುದೂ ಇಲ್ಲ. ವೇಗದ ಗೆರೆ ಕಣಿವೆಯ ತಳದಲ್ಲಿ ಚಪ್ಪಟೆಯಾಗಿ ಮಲಗುತ್ತದೆ. ಉದ್ದನೆಯ ತಿರುವಿನಲ್ಲಿ ಟೈರಿನ ಶಕ್ತಿಯೆಲ್ಲ ತಿರುಗುವುದಕ್ಕೇ ಖರ್ಚಾಗುವಾಗ ಅದು ಚಪ್ಪಟೆಯಾಗಿರುವುದು ಸಹಜ. ಹೇರ್‌ಪಿನ್ ತಿರುವಿನಲ್ಲಿ, ಪಕ್ಕಕ್ಕೆ ಎಳೆಯುವ ಬಲವೂ ಕಡಿಮೆಯಿದ್ದು ಹಾಗಾದರೆ ಅದು ಬರೀ ಹಿಂಜರಿಕೆ.

ಸಾಫ್ಟ್‌ವೇರ್ ಒಂದು ಆಸೆಯನ್ನೂ ಹುಟ್ಟಿಸುತ್ತದೆ, ಅದರ ಬಗ್ಗೆ ತಮ್ಮನನ್ನು ಈಗಲೇ ಎಚ್ಚರಿಸಿ. ಸುತ್ತನ್ನು ಮೂರು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಅತ್ಯುತ್ತಮ ಸಮಯವನ್ನು ಕೂಡಿಸಿ, ನೀನು ಇಷ್ಟು ಬೇಗ ಬರಬಲ್ಲೆ ಎಂದು ಅದು ಹೇಳುತ್ತದೆ. ಒಂದು ತುಂಡಿನ ಕೊನೆಯಲ್ಲಿ ಅತಿವೇಗವಾಗಿ ನುಗ್ಗಿ ಅದನ್ನು ಗೆದ್ದವನು ಮುಂದಿನ ತುಂಡನ್ನು ಹಾಳು ಮಾಡಿಕೊಂಡಿರುತ್ತಾನೆ, ಆದರೆ ಕೂಡಿಸುವ ಲೆಕ್ಕದಲ್ಲಿ ಆ ಹಾಳು ಕಾಣಿಸುವುದೇ ಇಲ್ಲ. ನಾನು ಆ ಅಂಕಿಯನ್ನು ನೋಡುವುದನ್ನೇ ಬಿಟ್ಟಿದ್ದೇನೆ.

ಗದ್ದೆಯ ವಿಷಯಕ್ಕೆ ಬಂದರೆ, ಇಲ್ಲಿ ಕಲಿತದ್ದೆಲ್ಲ ಅಲ್ಲಿ ಹಾಗೆಯೇ ನಡೆಯುವುದಿಲ್ಲ. ಡಾಂಬರಿನ ಟ್ರ್ಯಾಕು ಬೆಳಿಗ್ಗೆಯಿಂದ ಸಂಜೆಗೆ ಸ್ವಲ್ಪವೇ ಬದಲಾಗುತ್ತದೆ. ಕೆಸರಿನಲ್ಲಿ ಹತ್ತು ಗಾಡಿ ಓಡಿದ ಮೇಲೆ ಚಕ್ರದ ಹಳ್ಳ ಬಿದ್ದು ದಾರಿಯೇ ಬೇರೆಯಾಗುತ್ತದೆ. ಆದ್ದರಿಂದ ಬೆಳಿಗ್ಗೆಯ ಓಟವನ್ನು ಮಧ್ಯಾಹ್ನದ ಓಟದ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಒಂದರ ಹಿಂದೆ ಒಂದು ನಡೆದ ಎರಡು ಓಟಗಳನ್ನು ಮಾತ್ರ ಹೋಲಿಸಬೇಕು, ಸಾಧ್ಯವಾದರೆ ಅದೇ ಗಾಡಿಯನ್ನು ಇಬ್ಬರು ಓಡಿಸಿದ್ದನ್ನು. ತೋಟದೊಳಗಿನ ದಾರಿಯಲ್ಲಿ ಸಿಲ್ವರ್ ಓಕ್ ಮತ್ತು ನೆರಳು ಮರಗಳ ಕೆಳಗೆ ಜಿಪಿಎಸ್‌ಗೆ ಆಕಾಶ ಸರಿಯಾಗಿ ಸಿಗದು, ಬಯಲು ಗದ್ದೆಯಲ್ಲಿ ಆ ತೊಂದರೆಯಿಲ್ಲ. ಘಾಟಿ ರಸ್ತೆಯಲ್ಲಿ ಇದನ್ನು ಕಟ್ಟಿಕೊಂಡು ಸಮಯ ನೋಡುವ ಯೋಚನೆ ಅವನಿಗೆ ಬಂದರೆ ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಿ.

ಹಾಗಾದರೆ ಏನು ಕೊಳ್ಳಬೇಕು? ಪರದೆಯೂ ಕ್ಯಾಮೆರಾವೂ ಇರುವ ದೊಡ್ಡ ಪೆಟ್ಟಿಗೆ ಸದ್ಯಕ್ಕೆ ಬೇಡ. ಬ್ಲೂಟೂತ್ ಮೂಲಕ ಮೊಬೈಲಿಗೆ ಸೇರುವ 10 ಹರ್ಟ್ಜ್‌ನ ಚಿಕ್ಕ ರಿಸೀವರ್ ಒಂದು, ಮೊಬೈಲಿನಲ್ಲಿ ರೇಸ್‌ಕ್ರೋನೋದಂಥ ಒಂದು ಆ್ಯಪ್, ಇಷ್ಟು ಸಾಕು. ರಿಸೀವರನ್ನು ಗಾಡಿಯ ಮೇಲ್ಭಾಗದಲ್ಲಿ, ಆಕಾಶ ಕಾಣುವಂತೆ, ಅಲುಗಾಡದ ಹಾಗೆ ಅಂಟಿಸಬೇಕು. ಅವನ ಹಳೆಯ ಮಾರುತಿ ಜಿಪ್ಸಿ ಜೀಪಿನಲ್ಲಿ ಎಂಜಿನ್ನಿನ ಮಾಹಿತಿ ತೆಗೆಯುವ ಓಬಿಡಿ ಸಾಕೆಟ್ ಇಲ್ಲವೆಂದು ಅವನು ಕೊರಗುವುದು ಬೇಡ. ವೇಗದ ಗೆರೆಯೊಂದರಿಂದಲೇ ಬ್ರೇಕ್ ಎಲ್ಲಿ ಹಿಡಿದ, ಕಾಲು ಎಲ್ಲಿ ಸುಮ್ಮನಿತ್ತು ಎಂಬುದೆಲ್ಲ ತಿಳಿಯುತ್ತದೆ. ಉಳಿದ ದುಡ್ಡಿಗೆ ನೀವು ಹೇಳಿದಂತೆ ಟೈರು ಹಾಕಿಸಿ. ಅವನು ಒಂದು ವರ್ಷ ಗ್ರಾಫ್ ಓದುವುದನ್ನು ಬಿಡದೆ ನಡೆಸಿದರೆ, ಚಾಮರಾಜನಗರ, ಸತ್ಯಮಂಗಲದ ದಾರಿಯಾಗಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಮ್ಮೆ ಕರೆದುಕೊಂಡು ಹೋಗಿ; ಡಾಂಬರಿನ ಮೇಲೆ ಸುತ್ತಿನ ಮೇಲೆ ಸುತ್ತು ಹೋಲಿಸುವ ಅವಕಾಶ ಅಲ್ಲಿ ಸಿಗುತ್ತದೆ.

ಅವನಿಗೆ ಒಂದೇ ಒಂದು ಷರತ್ತು ಹಾಕಿ. ಓಟ ಮುಗಿಸಿ ಇಳಿದ ಕೂಡಲೇ, ಮೊಬೈಲ್ ತೆರೆಯುವ ಮೊದಲು, ಎಲ್ಲಿ ಸಮಯ ಹೋಯಿತೆಂದು ತನಗೆ ಅನ್ನಿಸಿತೋ ಅದನ್ನು ಕಾಗದದಲ್ಲಿ ಬರೆದು ನಿಮ್ಮ ಕೈಗೆ ಕೊಡಬೇಕು. ಆಮೇಲೆ ಇಬ್ಬರೂ ಕುಳಿತು ಗ್ರಾಫ್ ನೋಡಬೇಕು. ನಾವಿಬ್ಬರೂ ಹೀಗೆ ಮಾಡತೊಡಗಿದ ಮೇಲೆ ನಮ್ಮ ಬರಹವೂ ಗ್ರಾಫೂ ಮೆಲ್ಲಮೆಲ್ಲನೆ ಹೊಂದತೊಡಗಿವೆ, ಅಂದರೆ ನೀವು ಹೇಳುವ ಆ ಸೀಟಿನ ಜ್ಞಾನವೂ ಕಲಿಸಿದರೆ ಬರುತ್ತದೆ. ಮುಂದಿನ ಓಟಕ್ಕೆ ಬದಲಿಸುವುದು ಒಂದೇ ಸಂಗತಿಯಾಗಿರಲಿ. ಟೈರಿನ ಗಾಳಿಯನ್ನೂ ಬ್ರೇಕ್ ಹಿಡಿಯುವ ಜಾಗವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾವ ಯಂತ್ರವೂ ಹೇಳಲಾರದು.

ಎರಡು ಓಟಗಳ ಫೈಲುಗಳನ್ನೂ ನೀವು ಬದುವಿನ ಮೇಲೆ ನಿಂತು ಸ್ಟಾಪ್‌ವಾಚಿನಲ್ಲಿ ಹಿಡಿದ ಸಮಯವನ್ನೂ ಒಟ್ಟಿಗೆ ಕಳುಹಿಸಲು ಅವನಿಗೆ ಹೇಳಿ. ಭಾನುವಾರ ಫೋನಿನಲ್ಲಿ ಕುಳಿತು ಮೂವರೂ ನೋಡೋಣ.

ಇಂತಿ,
ನಿಮ್ಮ ಪ್ರೀತಿಯ ಮಗಳು